ಅಪ್‌ಡೇಟ್: ಅಮ್ಮನ ತಲೆನೋವಿನ ಮೂಲ ಬೆನ್ನಲ್ಲಿತ್ತು
ಎದ್ದು ನಿಂತರೆ ಅಮ್ಮನಿಗೆ ಹಿಂದಲೆ ಸಿಡಿಯುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ, ಯಾಕೆ ಅಂತ ಕೇಳಿದ್ದೆ ಅಲ್ವಾ? ಗೊತ್ತಾಯಿತು. ಕಾಸರಗೋಡಿನಿಂದ ಮಂಗಳೂರಿಗೆ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡೇ ಹೋದೆವು. ಮೈಗ್ರೇನ್ ಅಲ್ಲ. ಮಿದುಳು, ಬೆನ್ನುಹುರಿ ಎರಡನ್ನೂ ಸುತ್ತಿರುವ ನೀರು ಬೆನ್ನಲ್ಲಿ ಸೋರುತ್ತಿತ್ತು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್ ಹತ್ತಿರ ಮುಳ್ಳಿನ ಹಾಗೆ ಬೆಳೆದ ಸಣ್ಣ ಮೂಳೆ, ಹುರಿಯ ಹೊರಪೊರೆ ಡ್ಯೂರಾವನ್ನು ಚುಚ್ಚಿ ಸೀಳಿತ್ತು. ನೀರು ಕಡಿಮೆಯಾದರೆ ನಿಂತಾಗ ಮಿದುಳು ಆಧಾರ ಸಾಲದೆ ಕೆಳಗೆ ಜಗ್ಗುತ್ತದೆ, ನೋವು ಅದಕ್ಕೇ. ಕೆಲವರಿಗೆ ನರದ ಬುಡದ ಪೊರೆ ತೆಳುವಾಗಿ ಸೋರುತ್ತದೆ, ಇನ್ನು ಕೆಲವರಿಗೆ ನೀರು ನೇರವಾಗಿ ರಕ್ತನಾಳಕ್ಕೇ ಸೇರುತ್ತದೆ, ಅದು ಸಾಮಾನ್ಯ ಎಂಆರ್‌ಐಯಲ್ಲಿ ಸಿಗುವುದು ಕಷ್ಟ. ಸೋರುವ ಜಾಗ ಮುಚ್ಚಲು ಅಮ್ಮನದೇ ರಕ್ತ ತೆಗೆದು ಬೆನ್ನಿಗೆ ಚುಚ್ಚಿ ಪ್ಯಾಚ್ (ತೇಪೆ) ಹಾಕಿದರು. ಸೋರುವುದು ನಿಲ್ಲದಿದ್ದರೆ ಆಪರೇಷನ್. ನಿನ್ನೆ ಅಮ್ಮ ಅರ್ಧ ಗಂಟೆ ಅಂಗಳದಲ್ಲಿ ನಿಂತು, ಅಡಕೆ ಒಣಹಾಕುವವರ ಜೊತೆ ಮಾತಾಡಿದರು. ಒಂದು ಸಲವೂ ತಲೆ ಹಿಡಿದುಕೊಳ್ಳಲಿಲ್ಲ.