ಬಜಪೆ ಅಲ್ಲ ಭಾವ

ನಿನ್ನೆ ರಾತ್ರಿ ನಮ್ಮ 'ಕಟಪಾಡಿ ಮನೆ' ಗುಂಪಿನಲ್ಲಿ ನಡೆದದ್ದು. ಗುಡ್ ನೈಟ್ ಸ್ಟಿಕ್ಕರುಗಳನ್ನೂ ಮಿಡಿ ಉಪ್ಪಿನಕಾಯಿಯ ಲೆಕ್ಕಾಚಾರವನ್ನೂ ತೆಗೆದಿದ್ದೇನೆ. ಉಳಿದದ್ದು ಹಾಗೇ ಉಂಟು.

ಸುರೇಶ ಭಾವ: (ವಿಡಿಯೋ, 19 ಸೆಕೆಂಡ್. ಅನೇಕ ಬಾರಿ ಫಾರ್ವರ್ಡ್ ಆಗಿದೆ)
ಬ್ರೇಕಿಂಗ್!! ಇಂದು ಬೆಳಗ್ಗೆ ಮಂಗಳೂರಿನ ಬಜಪೆ ಏರ್‌ಪೋರ್ಟ್ ಮೇಲೆ ಎರಡು ಖಾಸಗಿ ವಿಮಾನ ಮುಖಾಮುಖಿ. ಕೂದಲೆಳೆಯಲ್ಲಿ ತಪ್ಪಿದ ದುರಂತ. ಮೊಬೈಲ್ ನೋಡುತ್ತಿದ್ದ ಪೈಲಟ್!! ಎಲ್ಲರಿಗೂ ಕಳಿಸಿ.

ಅಮ್ಮ: ದೇವರೇ. ಯಾರಿಗೂ ಏನೂ ಆಗಲಿಲ್ಲವಾ?

ಸುಜಾತಕ್ಕ: ಎಲ್ಲಿಂದ ಬಂತು ಇದು? ಟಿವಿಯಲ್ಲಿ ಏನೂ ಇಲ್ಲ.

ಸುರೇಶ ಭಾವ: ವಾಕಿಂಗ್ ಗುಂಪಿನಲ್ಲಿ ಬಂತು. ಟಿವಿಯವರು ನಾಳೆ ಹಾಕುತ್ತಾರೆ.

ನಾನು: ಭಾವ, ಇದು ಬಜಪೆ ಅಲ್ಲ. 11ನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿ. ಆಚೆ ವಿಮಾನದ ಮೈಮೇಲೆ ಎನ್ ಅಕ್ಷರ ಕಾಣುತ್ತದೆ. ಅದು ಅಮೆರಿಕದ ನೋಂದಣಿ. ನಮ್ಮ ದೇಶದ್ದು ವಿಟಿ ಅಂತ ಶುರುವಾಗುತ್ತದೆ. ಕೆಳಗೆ ನೆಲ ನೋಡಿ, ಒಣಗಿ ಕಂದು ಬಣ್ಣ. ಒಂದು ತೆಂಗಿನಮರ ಉಂಟಾ?

ಅನೂಪ: 😂 ಬಜಪೆಯಲ್ಲಿ ತೆಂಗಿನಮರ ಇಲ್ಲದ ಒಂದು ಫೋಟೋ ತೆಗೆಯಿರಿ ನೋಡುವಾ.

ಅಮ್ಮ: ಸುರೇಶ್, ಬಜಪೆ ಅಂತ ಬರೆದರೆ ನನಗೆ 2010ರ ವಿಮಾನ ದುರಂತ ನೆನಪಾಗುತ್ತದೆ. ಸುಮ್ನೆ ಹೆದರಿಸಬೇಡಿ.

ಸುರೇಶ ಭಾವ: ಸಾರಿ ಅತ್ತೆ. ಆದರೆ ಎಲ್ಲಿಯದ್ದಾದರೂ ತಪ್ಪು ತಪ್ಪೇ ಅಲ್ವಾ? ಅಷ್ಟು ದೊಡ್ಡ ಆಕಾಶ. ಹಗಲು. ಮೋಡವೂ ಇಲ್ಲ. ಎದುರು ಬರುವ ವಿಮಾನ ಕಾಣುವುದಿಲ್ಲ ಅಂದರೆ ಇವನು ಒಂದೋ ಮೊಬೈಲ್ ನೋಡುತ್ತಿದ್ದ, ಇಲ್ಲ ನಿದ್ದೆ. ನಾನು ದಿನಾ ಸುರತ್ಕಲ್‌ನಿಂದ ಉಡುಪಿಗೆ ಓಡಿಸುತ್ತೇನೆ. ಎಕ್ಸ್‌ಪ್ರೆಸ್ ಬಸ್ಸಿನವರು ಓವರ್‌ಟೇಕ್ ಮಾಡುತ್ತಾ ಮೈಮೇಲೆ ಬರುತ್ತಾರೆ. ನಾನು ನೋಡುವುದಿಲ್ಲವಾ?

ನಾನು: ಬಸ್ಸು ರಸ್ತೆಯಲ್ಲಿ ಬರುತ್ತದೆ ಭಾವ. ಎಲ್ಲಿ ನೋಡಬೇಕು ಅಂತ ರಸ್ತೆಯೇ ಹೇಳುತ್ತದೆ. ಮೇಲೆ ಹಾಗಿಲ್ಲ. ಮೇಲೆ, ಕೆಳಗೆ, ಎಡ, ಬಲ ಎಲ್ಲಿಂದಲೂ ಬರಬಹುದು.

ನಾನು: ಒಂದು ಲೆಕ್ಕ ಹೇಳುತ್ತೇನೆ. ನಾನು ಹಾರಲು ಕಲಿಯುವ ಸಣ್ಣ ವಿಮಾನ, ಸೆಸ್ನಾ 172, ಗಂಟೆಗೆ ಸುಮಾರು 220 ಕಿಲೋಮೀಟರ್ ಹೋಗುತ್ತದೆ. ಎದುರಿನದ್ದೂ ಅಷ್ಟೇ ಅಂದರೆ 440. ಒಂದು ಸೆಕೆಂಡಿಗೆ 122 ಮೀಟರ್. ಎದುರಿನದ್ದನ್ನು ಕಂಡು, ಅದು ವಿಮಾನ ಅಂತ ಗೊತ್ತಾಗಿ, ಮೈಮೇಲೆ ಬರ್ತಾ ಉಂಟು ಅಂತ ಗೊತ್ತಾಗಿ, ಕೈ ಆಡಿಸಿ, ವಿಮಾನ ತಿರುಗುವ ಹೊತ್ತಿಗೆ 12.5 ಸೆಕೆಂಡ್ ಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆಯೇ ಪೈಲಟ್‌ಗಳಿಗೆ ಹೇಳುತ್ತದೆ. ಅಂದರೆ ಒಂದೂವರೆ ಕಿಲೋಮೀಟರ್ ದೂರದಲ್ಲೇ ಅದು ಕಣ್ಣಿಗೆ ಬೀಳಬೇಕು.

ಸುರೇಶ ಭಾವ: ಒಂದೂವರೆ ಕಿಲೋಮೀಟರ್ ಎಂತ ದೂರ? ಕಾಣುತ್ತದೆ.

ನಾನು: ಸೆಸ್ನಾದ ರೆಕ್ಕೆ ಈ ತುದಿಯಿಂದ ಆ ತುದಿಗೆ 11 ಮೀಟರ್. ಅಷ್ಟು ದೂರದಲ್ಲಿ ಅದು ಎಷ್ಟು ದೊಡ್ಡದು ಕಾಣುತ್ತದೆ ಗೊತ್ತುಂಟಾ? ಅಡುಗೆಮನೆಯಿಂದ ಒಂದು ಕಾಳು ಕುಚ್ಚಲಕ್ಕಿ ತನ್ನಿ. ಬೆರಳಲ್ಲಿ ಹಿಡಿದು ಕೈ ಉದ್ದಕ್ಕೆ ಚಾಚಿ. ಅದಕ್ಕಿಂತಲೂ ಚಿಕ್ಕದು. ಅದು ರೆಕ್ಕೆ. ಎದುರಿನಿಂದ ನೋಡುವಾಗ ಹೊಟ್ಟೆಯ ಭಾಗ ಅದರಲ್ಲಿ ಒಂದು ಚುಕ್ಕೆ.

ಸುಜಾತಕ್ಕ: ನಿಜವಾಗಿಯೂ ಅಕ್ಕಿ ತರಲು ಹೋದರು 😂

ಸುರೇಶ ಭಾವ: ಚಿಕ್ಕದೇ. ಒಪ್ಪಿದೆ. ಆದರೆ ಅಲುಗಾಡುತ್ತದಲ್ಲ? ಹಾರುವ ನೊಣ ಚಿಕ್ಕದಾದರೂ ಕಣ್ಣಿಗೆ ಬೀಳುತ್ತದೆ.

ನಾನು: ಅಲ್ಲೇ ಇರುವುದು ವಿಷಯ. ಅಲುಗಾಡಿದರೆ ಭಯವಿಲ್ಲ. ಗಾಜಿನ ಮೇಲೆ ಜಾರಿಕೊಂಡು ಹೋಗುವ ವಿಮಾನ ನಮ್ಮ ಮುಂದೆಯೋ ಹಿಂದೆಯೋ ದಾಟಿ ಹೋಗುತ್ತದೆ. ಡಿಕ್ಕಿ ಆಗುವ ವಿಮಾನ ಮಾತ್ರ ಒಂದೇ ಕಡೆ ನಿಂತ ಹಾಗಿರುತ್ತದೆ. ಗಾಜಿಗೆ ಅಂಟಿದ ಕೊಳೆಯ ಹಾಗೆ. ತುಂಬಾ ಹೊತ್ತು ಚುಕ್ಕೆಯೇ. ಕೊನೆಯ ಮೂರ್ನಾಲ್ಕು ಸೆಕೆಂಡಿನಲ್ಲಿ ಒಮ್ಮೆಲೇ ಹಿಗ್ಗುತ್ತದೆ.

ಸುರೇಶ ಭಾವ: ಇದು ಪುಸ್ತಕದ ಮಾತು.

ವಿಠಲ ಮಾಮ: ಪುಸ್ತಕ ಅಲ್ಲ ಸುರೇಶ್. ಅವಳು ಹೇಳುವುದು ಸರಿ.

(ಮಾಮ ಮಲ್ಪೆಯಲ್ಲಿ ಮೂವತ್ತು ವರ್ಷ ಮೀನುಗಾರಿಕೆ ಬೋಟು ನಡೆಸುವ ತಂಡೇಲ ಆಗಿದ್ದವರು. ಗುಂಪಿನಲ್ಲಿ ವರ್ಷಕ್ಕೆ ನಾಲ್ಕು ಸಲ ಬರೆಯುತ್ತಾರೆ. ಈ ವರ್ಷದ್ದೆಲ್ಲ ನಿನ್ನೆಯೇ ಮುಗಿಯಿತು.)

ವಿಠಲ ಮಾಮ: ರಾತ್ರಿ ಇನ್ನೊಂದು ಬೋಟಿನ ಲೈಟು ಕಂಡರೆ ನಾವು ಅದನ್ನು ಕ್ಯಾಬಿನ್ನಿನ ಕಂಬಕ್ಕೆ ಹಿಡಿದು ನೋಡುವುದು. ಲೈಟು ಕಂಬದಿಂದ ಆಚೆ ಸರಿಯಿತೋ, ಚಾ ಕುಡಿ. ಕಂಬಕ್ಕೆ ಅಂಟಿ ನಿಂತಿತೋ, ತಿರುಗಿಸು. ಹೊಸ ಹುಡುಗರು 'ಅದು ನಿಂತಿದೆ ಅಣ್ಣ, ಬರುವುದಿಲ್ಲ' ಅನ್ನುತ್ತಿದ್ದರು. ನಿಂತ ಹಾಗೆ ಕಾಣುವುದೇ ಬರುವುದು.

ನಾನು: ಮಾಮ 🙏 ನಮ್ಮ ಇನ್‌ಸ್ಟ್ರಕ್ಟರ್ ಒಂದು ಗಂಟೆ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದ್ದು ಇಷ್ಟೇ. ವಿಮಾನದಲ್ಲೂ ಗಾಜಿನ ಪಕ್ಕ ಕಂಬ ಉಂಟು. ಒಂದೇ ಕಡೆ ನಿಂತದ್ದು ಆ ಕಂಬದ ಹಿಂದೆ ನಿಂತರೆ ಕೊನೆಯವರೆಗೂ ಕಾಣುವುದಿಲ್ಲ. ಅದಕ್ಕೇ ಕುತ್ತಿಗೆ ಆಚೆ ಈಚೆ ಮಾಡಿ ನೋಡಿ ಅನ್ನುತ್ತಾರೆ.

ಸುರೇಶ ಭಾವ: ಸರಿ. ವಿಡಿಯೋದಲ್ಲಿ ಇವನು ವಿಮಾನವನ್ನು ಬಲಕ್ಕೆ ಯಾಕೆ ತಿರುಗಿಸಿದ? ಎಡಕ್ಕೆ ಹೋಗಬೇಕು ಅಲ್ವಾ? ಅಲ್ಲಿಯೇ ಗೊತ್ತಾಗುತ್ತದೆ ಲೈಸೆನ್ಸ್ ಹೇಗೆ ಸಿಕ್ಕಿದ್ದು ಅಂತ.

ವಿಠಲ ಮಾಮ: ಮುಖಾಮುಖಿ ಆದರೆ ಸಮುದ್ರದಲ್ಲಿ ಇಬ್ಬರೂ ಬಲಕ್ಕೆ.

ನಾನು: ಆಕಾಶದಲ್ಲೂ ಅದೇ. ನಮ್ಮ ದೇಶದಲ್ಲೂ. ಅವನು ಮಾಡಿದ್ದು ಸರಿ ಭಾವ.

ಅನೂಪ: ಭಾವ 0, ಮಲ್ಪೆ 2.

ಸುರೇಶ ಭಾವ: ನೀನು ಸುಮ್ಮನಿರು ಮಾರಾಯ. ಇಷ್ಟೆಲ್ಲ ಕಷ್ಟ ಅಂದರೆ ಮೆಷಿನ್ ಹಾಕಲಿಕ್ಕೆ ಎಂತ ದಾಡಿ? ದೊಡ್ಡ ವಿಮಾನದಲ್ಲಿ ಉಂಟಲ್ಲ.

ಅನೂಪ: ಅದು ಟಿಕಾಸ್, ಡಿಕ್ಕಿ ಆಗುವ ಮೊದಲೇ ಪೈಲಟ್‌ಗೆ ಎಚ್ಚರಿಕೆ ಕೊಡುವ ಮೆಷಿನ್. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಜಂಬೋ ಮತ್ತು ಕಜಕಿಸ್ತಾನದ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ. ಸೌದಿಯದ್ದು 14,000 ಅಡಿಯಲ್ಲಿ ಇರಬೇಕಿತ್ತು, ಇನ್ನೊಂದು 15,000ದಲ್ಲಿ. ಅದು ಕೆಳಗಿಳಿಯಿತು. ಆಮೇಲೆ ನಮ್ಮಲ್ಲಿ ಪ್ಯಾಸೆಂಜರ್ ವಿಮಾನಗಳಿಗೆ ಟಿಕಾಸ್ ಕಡ್ಡಾಯ ಆಯಿತು. ಸಣ್ಣವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈಗ ಎಡಿಎಸ್-ಬಿ ಅಂತ ಬಂದಿದೆ. ಅದು ಇರುವ ಪ್ರತಿ ವಿಮಾನ ತಾನು ಎಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಕೂಗುತ್ತಾ ಹೋಗುತ್ತದೆ. ಅಮೆರಿಕದಲ್ಲಿ 2020ರಿಂದ ಹೆಚ್ಚಿನ ನಿಯಂತ್ರಿತ ಆಕಾಶದಲ್ಲಿ ಅದು ಬೇಕೇ ಬೇಕು.

ಸುರೇಶ ಭಾವ: ಆಯ್ತಲ್ಲ. ಅದನ್ನು ಎಲ್ಲರೂ ಹಾಕಿದರೆ ಮುಗಿಯಿತು.

ನಾನು: ಕೂಗದವನು ಸ್ಕ್ರೀನಿನಲ್ಲಿ ಇಲ್ಲ. ಸ್ಕ್ರೀನ್ ಖಾಲಿ ಇದ್ದರೆ ಆಕಾಶವೂ ಖಾಲಿ ಅನ್ನಿಸಿಬಿಡುತ್ತದೆ. ನನಗೆ ಭಯ ಅದೇ.

ವಿಠಲ ಮಾಮ: ನಮ್ಮ ದೋಣಿಯೂ ಹಾಗೇ. ಹಡಗಿನವನ ಪರದೆಯಲ್ಲಿ ನಾವು ಇಲ್ಲ. ಅವನು ನಮ್ಮನ್ನು ನೋಡಿದ ಅಂತ ನಾವು ಯಾವತ್ತೂ ನಂಬಲಿಲ್ಲ.

ಸುರೇಶ ಭಾವ: ಟವರ್‌ನವರು ಹೇಳುವುದಿಲ್ಲವಾ?

ನಾನು: ಟವರ್ ಇರುವ ಕಡೆ ಹೇಳುತ್ತಾರೆ. ಆದರೂ ಆಗುತ್ತದೆ. 2021ರ ಮೇ 12, ಅಮೆರಿಕದ ಡೆನ್ವರ್ ಹತ್ತಿರ. ಅಕ್ಕಪಕ್ಕ ಎರಡು ರನ್‌ವೇ, ಇಬ್ಬರೂ ಟವರ್ ಜೊತೆ ಮಾತಾಡುತ್ತಲೇ ಇದ್ದರು. ಸಣ್ಣ ಸಿರಸ್ ವಿಮಾನ ತನ್ನ ರನ್‌ವೇಗೆ ತಿರುಗುವಾಗ ಜಾಸ್ತಿ ಆಚೆ ಹೋಗಿ ಪಕ್ಕದ ರನ್‌ವೇಗೆ ಇಳಿಯುತ್ತಿದ್ದ ಮೆಟ್ರೋಲೈನರ್ ಎಂಬ ಇನ್ನೊಂದು ವಿಮಾನಕ್ಕೆ ಹೊಡೆಯಿತು. ಸಿರಸ್‌ಗೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಇತ್ತು, ಅದರಲ್ಲಿ ಇಳಿದರು. ಮೆಟ್ರೋಲೈನರಿನ ಬೆನ್ನು ಕಿತ್ತುಹೋಗಿತ್ತು. ಹಾಗೇ ಲ್ಯಾಂಡ್ ಆಯಿತು. ಯಾರೂ ಸಾಯಲಿಲ್ಲ. ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ಟವರೇ ಇರುವುದಿಲ್ಲ. ನಾವೇ ರೇಡಿಯೋದಲ್ಲಿ 'ಇಲ್ಲಿದ್ದೇನೆ, ತಿರುಗುತ್ತಿದ್ದೇನೆ' ಅಂತ ಹೇಳಿಕೊಳ್ಳುವುದು.

ಸುರೇಶ ಭಾವ: ನೀನು ಪೈಲಟ್ ಆಗುವವಳು, ಪೈಲಟ್ ಪರ ಮಾತಾಡುತ್ತೀಯ. ವಕೀಲರ ಹಾಗೆ. ನೋಡುವವನಿಗೆ ಕಾಣುತ್ತದೆ, ಇಷ್ಟೇ ನನ್ನ ಮಾತು.

(ಇಲ್ಲಿ ನಾನು ಸುಮ್ಮನಿರಬೇಕಿತ್ತು. ಹಾಸ್ಟೆಲಿನಲ್ಲಿ ಕರೆಂಟ್ ಹೋಗಿತ್ತು, ಸೆಖೆ, ಸಿಟ್ಟು ಬಂತು.)

ನಾನು: ಭಾವ, ನನಗೇ ಆಗಿದೆ. ಒಬ್ಬಳೇ ಹಾರುತ್ತಿದ್ದೆ. ರನ್‌ವೇ ಕಡೆಗೆ ಕೊನೆಯ ತಿರುವು ತೆಗೆದುಕೊಂಡೆ, ಎಡಕ್ಕೆ. ಸೆಸ್ನಾದ ರೆಕ್ಕೆ ತಲೆಯ ಮೇಲೆ ಇರುತ್ತದೆ. ಎಡಕ್ಕೆ ವಾಲಿದರೆ ಎಡರೆಕ್ಕೆ ಕೆಳಗಿಳಿದು ಆ ಕಡೆಯನ್ನೆಲ್ಲ ಮುಚ್ಚುತ್ತದೆ. ನೇರವಾದ ಮೇಲೆ ನೋಡಿದರೆ ನನ್ನ ಕೆಳಗೇ ಇನ್ನೊಂದು ವಿಮಾನ ಇಳಿಯುತ್ತಾ ಉಂಟು. ಬಿಳಿ ರೆಕ್ಕೆಯ ಮೇಲೆ ನನ್ನ ನೆರಳು ಕಂಡಿತು. ಅವನ ರೇಡಿಯೋ ಬೇರೆ ಫ್ರೀಕ್ವೆನ್ಸಿಯಲ್ಲಿ ಇತ್ತಂತೆ. ನಾನು ನಿದ್ದೆ ಮಾಡುತ್ತಿರಲಿಲ್ಲ. ಮೊಬೈಲ್ ಬ್ಯಾಗಿನಲ್ಲಿತ್ತು.

ಸುಜಾತಕ್ಕ: ದೀಪಾ??

ಸುರೇಶ ಭಾವ: ಆಮೇಲೆ?

ನಾನು: ಪವರ್ ಕೊಟ್ಟು ಮೇಲೆ ಹೋದೆ. ಇನ್ನೊಂದು ಸುತ್ತು ಬಂದು ಇಳಿದೆ.

ಸುರೇಶ ಭಾವ: ತಪ್ಪು ಅವನದ್ದೇ ಹಾಗಾದರೆ.

ನಾನು: ತಿರುಗುವ ಮೊದಲು ಆ ಕಡೆಯ ರೆಕ್ಕೆಯನ್ನು ಸ್ವಲ್ಪ ಎತ್ತಿ ನೋಡಬೇಕು. ಎರಡು ಸೆಕೆಂಡಿನ ಕೆಲಸ. ಅವತ್ತು ನಾನು ನೋಡಲಿಲ್ಲ. ಗಾಳಿ ಜೋರಿತ್ತು, ರನ್‌ವೇ ಮೇಲೇ ಕಣ್ಣಿತ್ತು. ರೇಡಿಯೋದಲ್ಲಿ ಯಾರೂ ಇಲ್ಲ, ಹಾಗಾದರೆ ಯಾರೂ ಇಲ್ಲ ಅಂದುಕೊಂಡೆ.

ಸುರೇಶ ಭಾವ: ಹ್ಮ್. ಅಂದರೆ ನಾನು ಹೇಳಿದ್ದರಲ್ಲೂ ಸ್ವಲ್ಪ ಉಂಟು.

ನಾನು: ಸ್ವಲ್ಪ ಉಂಟು. ಆದರೆ 'ಬಜಪೆ' ತಪ್ಪು, 'ಮೊಬೈಲ್' ನಿಮಗೆ ಗೊತ್ತಿಲ್ಲದ್ದು. ಅಳಿಸಿ.

(ಈ ಸಂದೇಶವನ್ನು ಅಳಿಸಲಾಗಿದೆ)

ಸುರೇಶ ಭಾವ: ವಾಕಿಂಗ್ ಗುಂಪಿನಲ್ಲೂ ಹೇಳುತ್ತೇನೆ. ಅಕ್ಕಿಕಾಳು ಹಿಡಿದ ಫೋಟೋ ಹಾಕಲಾ?

ಅಮ್ಮ: ಯಾವಾಗ ಆದದ್ದು ಅದು?

ನಾನು: ಹಳೇದು ಅಮ್ಮ.

ಅಮ್ಮ: ನೀನು ಸೇರಿ ಒಂದು ವರ್ಷ ಆಗಲಿಲ್ಲ. ಎಂತ ಹಳೇದು? ದೀಪಾವಳಿಗೆ ಬಂದಾಗ ಎರಡು ದಿನ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ನಾನು ಓಮದ ಕಷಾಯ ಮಾಡಿ ಕೊಟ್ಟೆ.

ವಿಠಲ ಮಾಮ: ಶಾರದಾ, ಬಿಡು. ನಾವು ಸಮುದ್ರದ್ದೆಲ್ಲ ಮನೆಯಲ್ಲಿ ಹೇಳುತ್ತಿದ್ದೆವಾ?

ಅಮ್ಮ: ಅತ್ತಿಗೆಗೆ ಎಲ್ಲ ಗೊತ್ತಾಗುತ್ತಿತ್ತು ಅಣ್ಣ. ನಿಮಗೆ ಗೊತ್ತಾಗುತ್ತಿರಲಿಲ್ಲ ಅಷ್ಟೇ.

ಅಮ್ಮ: ದೀಪಾ, ಫೋನ್ ಎತ್ತು.