ಹತ್ತನೇ ‘ಬಿ’ ಗುಂಪಿಗೆ ಬಂದ ಹತ್ತು ಆಜ್ಞೆ

ಗುಂಪು: ಹತ್ತನೇ ‘ಬಿ’, 1991
ಶನಿವಾರ, 6 ಸೆಪ್ಟೆಂಬರ್ 2025

ಸೀನ: (ಫೋಟೋ) ಮಗಳ ಕ್ಲಾಸ್‌ರೂಮು. ಗಡಿಯಾರದ ಕೆಳಗೆ ಏನಿದೆ ಓದಿ.

ಗಿರಿ: ದೊಡ್ಡದು ಮಾಡಿ ನೋಡಿದೆ. ಬೈಬಲ್ಲಿನ ಹತ್ತು ಆಜ್ಞೆ ಅಲ್ವಾ? ಮಗಳನ್ನು ಕಾನ್ವೆಂಟಿಗೆ ಹಾಕಿದ್ದೀಯಾ?

ಸೀನ: ಅಲ್ಲ ಮಾರಾಯ, ಸರ್ಕಾರಿ ಸ್ಕೂಲು. ಟೆಕ್ಸಾಸಿನಲ್ಲಿ ಹೊಸ ಕಾನೂನು. ಜೂನ್‌ನಲ್ಲಿ ಗವರ್ನರ್ ಅಬಾಟ್ ಸಹಿ ಹಾಕಿದರು, ಈ 1ನೇ ತಾರೀಖಿನಿಂದ ಜಾರಿ. ಎಲ್ಲ ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಇದು ಇರಬೇಕು. ಕಡಿಮೆ ಅಂದರೂ 16 ಇಂಚು ಅಗಲ, 20 ಇಂಚು ಎತ್ತರ. ರೂಮಿನ ಯಾವ ಮೂಲೆಯಲ್ಲಿ ಕೂತರೂ ಓದಲು ಬರಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ.

ಗಿರಿ: ಅದಕ್ಕೇನೀಗ? ನಾವು ದಿನಾ ಬೆಳಿಗ್ಗೆ ಸಿಸ್ಟರ್ ಮುಂದೆ ಕೈಮುಗಿದು ‘ಅವರ್ ಫಾದರ್’ ಹೇಳಲಿಲ್ವಾ? ನನಗೆ ಈಗಲೂ ಬಾಯಿಪಾಠ. ಸಂಜೆ ಮನೆಗೆ ಹೋದರೆ ಅಜ್ಜಿ ‘ಶುಕ್ಲಾಂಬರಧರಂ’ ಹೇಳಿಸುತ್ತಿದ್ದರು. ಯಾರು ಕೆಟ್ಟುಹೋದರು? ಕದಿಯಬೇಡ, ಕೊಲ್ಲಬೇಡ ಅಂತ ಗೋಡೆ ಮೇಲೆ ಇದ್ದರೆ ಒಳ್ಳೆಯದೇ ಬಿಡು.

ಸೀನ: ಕದಿಯಬೇಡ ಅನ್ನುವುದು ಕೆಳಗಡೆ ಇದೆ. ಮೇಲಿನಿಂದ ಓದು. ನಾನೇ ನಿನ್ನ ದೇವರು, ನನ್ನ ಮುಂದೆ ಬೇರೆ ದೇವರು ಇರಬಾರದು. ಅದರ ಮುಂದಿನದ್ದು, ಕೆತ್ತಿದ ವಿಗ್ರಹ ಮಾಡಿಕೊಳ್ಳಬಾರದು. ಮೊನ್ನೆ ತಾನೇ ಗಣಪತಿ ಕೂರಿಸಿದ್ದೆವು. ಬಕೆಟ್ಟಿನಲ್ಲಿ ಬಿಟ್ಟ ಮಣ್ಣು ಗ್ಯಾರೇಜಿನಲ್ಲಿ ಇನ್ನೂ ಕರಗುತ್ತಾ ಇದೆ, ಸೊಂಡಿಲು ಮಾತ್ರ ಹೋಗಿದೆ. ಮಗಳು ಅದನ್ನೇ ನೋಡುತ್ತಾ ನಿಂತಿದ್ದಳು. ‘ಅಪ್ಪಾ, ಸ್ಕೂಲಿನ ರೂಲ್ ಪ್ರಕಾರ ನಾವು ಮಾಡಿದ್ದು ತಪ್ಪಾ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ವಿಲ್ಲಿ: ಸೀನ, ಒಂದು ತಮಾಷೆ ಹೇಳ್ತೇನೆ. ಅದು ನಾನು ಕಲಿತ ಹತ್ತು ಅಲ್ಲ.

ಗಿರಿ: ಎಂಥದು? ನಿಮ್ಮಲ್ಲೂ ಎರಡೆರಡು ಲೆಕ್ಕವಾ?

ವಿಲ್ಲಿ: ಮಾತು ಅದೇ, ಎಣಿಕೆ ಬೇರೆ. ಭಾನುವಾರದ ದೊತೊರ್ನ್ ಕ್ಲಾಸಿನಲ್ಲಿ, ಅಂದರೆ ನಮ್ಮ ಕೆಥೊಲಿಕರ ಧರ್ಮಪಾಠದಲ್ಲಿ, ನಮಗೆ ಕಲಿಸಿದ ಪಟ್ಟಿಯಲ್ಲಿ ವಿಗ್ರಹಕ್ಕೆ ಬೇರೆ ನಂಬರೇ ಇಲ್ಲ. ಅದು ಮೊದಲನೆಯದರ ಒಳಗೇ ಸೇರಿಹೋಗುತ್ತದೆ. ಕೊನೆಯಲ್ಲಿ ಪರರ ಹೆಂಡತಿಗೆ ಒಂಬತ್ತು, ಪರರ ಆಸ್ತಿಗೆ ಹತ್ತು. ಹೆಚ್ಚಿನ ಪ್ರೊಟೆಸ್ಟಂಟರು ವಿಗ್ರಹಕ್ಕೆ ಎರಡನೇ ನಂಬರು ಕೊಟ್ಟು ಕೊನೆಯ ಎರಡನ್ನು ಒಂದು ಮಾಡ್ತಾರೆ. ಯಹೂದಿಗಳ ಲೆಕ್ಕ ಇನ್ನೊಂದು. ಟೆಕ್ಸಾಸಿನ ಕಾನೂನಿನಲ್ಲಿ ನಂಬರಿಲ್ಲ, ಸರಿ. ಆದರೆ ವಿಗ್ರಹದ ಸಾಲು ಪ್ರತ್ಯೇಕ ಇದೆ, ಇಂಗ್ಲಿಷೂ ಪ್ರೊಟೆಸ್ಟಂಟರ ಕಿಂಗ್ ಜೇಮ್ಸ್ ಬೈಬಲ್ಲಿನ ಧಾಟಿಯದ್ದೇ. ಮೇರಿಯಮ್ಮನ ಮೂರ್ತಿ ಇಟ್ಟುಕೊಂಡ ನಮ್ಮವರನ್ನು ಹಿಂದೆ ಬೈಯುತ್ತಿದ್ದದ್ದು ಆ ಸಾಲು ತೋರಿಸಿಯೇ.

ಗಿರಿ: ಒಂದು ಸಾಲಿಗೆ ಇಷ್ಟೆಲ್ಲ ಯಾರು ತಲೆ ಕೆಡಿಸಿಕೊಳ್ತಾರೆ?

ವಿಲ್ಲಿ: 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಕೆಡಿಸಿಕೊಂಡರು. ಸರ್ಕಾರಿ ಸ್ಕೂಲಿನಲ್ಲಿ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ನಮ್ಮ ಮಕ್ಕಳು ನಮ್ಮ ಬೈಬಲ್ ಓದಲಿ ಅಂತ ಕೆಥೊಲಿಕರ ಬಿಷಪ್ ಕೇಳಿದರು. ಅಷ್ಟಕ್ಕೇ ‘ಶಾಲೆಯಿಂದ ಬೈಬಲ್ ತೆಗೆಸ್ತಾರಂತೆ’ ಅಂತ ಗಾಳಿಸುದ್ದಿ. ಆಗ ವಾಟ್ಸಾಪ್ ಇರಲಿಲ್ಲ, ಆದರೂ ಹಬ್ಬಿತು! ಮೇ ತಿಂಗಳಲ್ಲಿ ಗಲಭೆ. ಸೇಂಟ್ ಮೈಕಲ್, ಸೇಂಟ್ ಆಗಸ್ಟಿನ್, ಎರಡು ಚರ್ಚು ಸುಟ್ಟುಹೋದವು. ಬೆಂಕಿ ಇಟ್ಟವರೂ ಕ್ರೈಸ್ತರೇ.

ಗಿರಿ: ಅದು ಆ ಕಾಲ. ಈಗ ಓಟು ಹಾಕಿ ಗೆದ್ದಿದ್ದಾರೆ, ಕಾನೂನು ಮಾಡಿದ್ದಾರೆ. ಅಲ್ಲಿ ಅವರೇ ಜಾಸ್ತಿ. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಇದೆ ಅಂತ ಎಲ್ಲರೂ ಹೇಳ್ತಾರೆ, ಅಮೆರಿಕದ ಸಂವಿಧಾನದಲ್ಲಿ ಗೋಡೆ ಅನ್ನುವ ಮಾತೇ ಇಲ್ಲ. ಬೇಕಾದರೆ ಹುಡುಕಿ.

ವಾಣಿ: ಈಗ ಅಡುಗೆ ಮುಗೀತು, ನಾನು ಬಂದೆ. ಗಿರಿ ಹೇಳಿದ್ದು ನಿಜ, ಆ ಮಾತು ಸಂವಿಧಾನದಲ್ಲಿಲ್ಲ. ಸರ್ಕಾರ ಯಾವ ಧರ್ಮವನ್ನೂ ತನ್ನದು ಅಂತ ಸ್ಥಾಪಿಸಬಾರದು ಅನ್ನುವುದು ಮಾತ್ರ ಮೊದಲನೇ ತಿದ್ದುಪಡಿಯಲ್ಲಿದೆ. ‘ಗೋಡೆ’ ಬಂದದ್ದು ಆಗ ಅಧ್ಯಕ್ಷರಾಗಿದ್ದ ಜೆಫರ್ಸನ್ 1802ರ ಜನವರಿ 1ರಂದು ಬರೆದ ಕಾಗದದಿಂದ. ಯಾರಿಗೆ ಬರೆದದ್ದು ಹೇಳು ನೋಡೋಣ?

ಗಿರಿ: ಯಾರೋ ನಾಸ್ತಿಕರಿಗೆ.

ವಾಣಿ: ಬ್ಯಾಪ್ಟಿಸ್ಟರಿಗೆ ಕಣೋ! ಪ್ರೊಟೆಸ್ಟಂಟರಲ್ಲೇ ಒಂದು ಪಂಗಡ. ಕನೆಕ್ಟಿಕಟ್‌ನ ಡ್ಯಾನ್‌ಬರಿ ಅನ್ನುವ ಊರಿನವರು. ಅಲ್ಲಿ ಕಾಂಗ್ರೆಗೇಷನಲ್ ಚರ್ಚೇ ಸರ್ಕಾರದ ಚರ್ಚು, ಅದಕ್ಕೆ ಜನ ತೆರಿಗೆ ಕಟ್ಟಬೇಕು. ನಾವು ಬ್ಯಾಪ್ಟಿಸ್ಟರು, ನಮಗೆ ಬೇಡ ಅಂತ ಸರ್ಟಿಫಿಕೇಟು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ನಮ್ಮ ಧರ್ಮ ನಮ್ಮ ಹಕ್ಕು, ಸರ್ಕಾರ ಮಾಡುವ ಉಪಕಾರ ಅಲ್ಲ ಅನ್ನುವುದು ಅವರ ದೂರು. ಗೋಡೆ ಬೇಕು ಅಂದವರು ಭಕ್ತರೇ. ಎಣಿಕೆಯಲ್ಲಿ ಕಡಿಮೆ ಇದ್ದ ಭಕ್ತರು. 1818ರವರೆಗೂ ಅಲ್ಲಿ ಆ ಪದ್ಧತಿ ಹೋಗಲಿಲ್ಲ.

ಸೀನ: ಅವರ ಪೈಕಿಯವರೇ ಈಗ ಪೋಸ್ಟರ್ ಹಂಚುತ್ತಿರುವುದು. ನಮ್ಮ ಪಕ್ಕದ ಮನೆಯವರು ಬ್ಯಾಪ್ಟಿಸ್ಟರು. ಅಮ್ಮ ತೀರಿಕೊಂಡಾಗ ಮೂರು ದಿನ ಊಟ ತಂದುಕೊಟ್ಟರು. ಮಾಂಸ ತಿನ್ನಲ್ಲ ಅಂತ ಕೇಳಿ ತಿಳಿದುಕೊಂಡು ಮಾಡಿದ್ದು. ಅವರನ್ನು ಕೆಟ್ಟವರು ಅಂತ ಹೇಗೆ ಹೇಳಲಿ? ದೇಶ ಹಾಳಾಗುತ್ತಿದೆ, ಮಕ್ಕಳನ್ನು ಉಳಿಸಬೇಕು ಅನ್ನುವುದು ಅವರ ನಂಬಿಕೆ. ಸ್ಕೂಲ್ ಬೋರ್ಡ್ ಎಲೆಕ್ಷನ್‌ಗೆ ಅವರ ಚರ್ಚಿನವರು ಒಬ್ಬರೂ ತಪ್ಪಿಸುವುದಿಲ್ಲ. ಆ ದಿನ ನಾವು ದೇಸಿಗಳು ಕ್ರಿಕೆಟ್ ಆಡುತ್ತಿರುತ್ತೇವೆ.

ವಾಣಿ: ಅದನ್ನು ಅವರು ಕಲಿತು ಐವತ್ತು ವರ್ಷ ಆಗುತ್ತಾ ಬಂತು. 1979ರಲ್ಲಿ ಜೆರ್ರಿ ಫಾಲ್ವೆಲ್ ಅನ್ನುವ ಬ್ಯಾಪ್ಟಿಸ್ಟ್ ಪಾದ್ರಿ ‘ಮಾರಲ್ ಮೆಜಾರಿಟಿ’ ಅನ್ನುವ ರಾಜಕೀಯ ಸಂಘಟನೆ ಕಟ್ಟಿದರು. ಗರ್ಭಪಾತದ ಹಕ್ಕು ಕೊಟ್ಟ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಎಲ್ಲ ಶುರುವಾಯಿತು ಅಂತಾರೆ. ಆದರೆ 1971ರಲ್ಲಿ ಸದರ್ನ್ ಬ್ಯಾಪ್ಟಿಸ್ಟರ ಮಹಾಸಭೆಯೇ ಅತ್ಯಾಚಾರ, ತಾಯಿಯ ಆರೋಗ್ಯದಂಥ ಕಾರಣ ಇದ್ದರೆ ಗರ್ಭಪಾತಕ್ಕೆ ಅವಕಾಶ ಇರಲಿ ಅಂತ ನಿರ್ಣಯ ಮಾಡಿತ್ತು. ಕಪ್ಪು ಜನರನ್ನು ಬೇರೆ ಇಡುತ್ತಿದ್ದ ಕ್ರೈಸ್ತ ಶಾಲೆ, ಕಾಲೇಜುಗಳ ತೆರಿಗೆ ವಿನಾಯಿತಿಗೆ ಸರ್ಕಾರ ಕೈ ಹಾಕಿತಲ್ಲ, ಆ ಸಿಟ್ಟೂ ಇದರಲ್ಲಿ ದೊಡ್ಡದು. 1980ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ರೇಗನ್ ಡಲ್ಲಾಸಿಗೇ ಬಂದು ಪಾದ್ರಿಗಳ ಸಭೆಯಲ್ಲಿ, ನೀವು ನನಗೆ ಬೆಂಬಲ ಕೊಡುವಂತಿಲ್ಲ, ನಾನೇ ನಿಮಗೆ ಕೊಡ್ತೇನೆ ಅಂದರು. ತಮಾಷೆ ಅಂದರೆ ಆಗ ಅವರ ಎದುರಾಳಿ ಕಾರ್ಟರ್ ಭಾನುವಾರ ಬೈಬಲ್ ಪಾಠ ಮಾಡುವ ಬ್ಯಾಪ್ಟಿಸ್ಟ್. ಕೆಂಟಕಿಯಲ್ಲಿ ಇದೇ ಹತ್ತು ಆಜ್ಞೆಯ ಕಾನೂನನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದೂ ಅದೇ ವರ್ಷ.

ಗಿರಿ: ಹೊಡೆದುಹಾಕಿದ ಮೇಲೆ ಇವರು ಮತ್ತೆ ಹೇಗೆ ಮಾಡಿದರು?

ವಾಣಿ: ಕೋರ್ಟ್ ಬದಲಾಗಿದೆ ಅನ್ನುವ ಧೈರ್ಯ. 2022ರಲ್ಲಿ ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಪರವಾಗಿ ತೀರ್ಪು ಬಂತಲ್ಲ. ಲೂಸಿಯಾನ 2024ರಲ್ಲಿ ಮೊದಲು ಮಾಡಿತು, ಆಮೇಲೆ ಟೆಕ್ಸಾಸ್.

ಸೀನ: ಹೋದ ತಿಂಗಳು ಸ್ಯಾನ್ ಆಂಟೋನಿಯೋದ ಫೆಡರಲ್ ಜಡ್ಜ್ 11 ಶಾಲಾ ಜಿಲ್ಲೆಗಳಿಗೆ ತಡೆ ಕೊಟ್ಟರು. ಕೇಸು ಹಾಕಿದವರಲ್ಲಿ ಕ್ರೈಸ್ತರು, ಯಹೂದಿಗಳು, ಹಿಂದೂಗಳು, ಧರ್ಮ ಬೇಡ ಅನ್ನುವವರು ಎಲ್ಲ ಇದ್ದಾರೆ. ಪಕ್ಕದ ಪ್ಲೇನೋ ಆ ಪಟ್ಟಿಯಲ್ಲಿದೆ. ನಮ್ಮದಿಲ್ಲ.

ಗಿರಿ: ಸರಿ, ಹಾಗಾದರೆ ನಮ್ಮ ಬುಡಕ್ಕೇ ಬರೋಣ. ತಾಲ್ಲೂಕು ಕಚೇರಿಯಲ್ಲಿ ಗಣಪತಿ ಫೋಟೋ ಇಲ್ವಾ? ವಾಣಿ, ನೀನು ಸರ್ಕಾರಿ ಹೈಸ್ಕೂಲಿನ ಟೀಚರ್. ನಿಮ್ಮಲ್ಲಿ ಶಾರದಾ ಪೂಜೆ ಮಾಡಲ್ವಾ?

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ವಾಣಿ ಟೈಪ್ ಮಾಡುತ್ತಿದ್ದಾಳೆ ಅಂತ ಮಾತ್ರ ಆಗಾಗ ತೋರಿಸುತ್ತಿತ್ತು.)

ವಾಣಿ: ಮಾಡ್ತೀವಿ. ಸಂವಿಧಾನದ 28ನೇ ವಿಧಿ ಪಾಠ ಮಾಡುವವಳೂ ನಾನೇ, ಪ್ರಸಾದ ಹಂಚುವವಳೂ ನಾನೇ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮದ ಬೋಧನೆ ಇರಬಾರದು ಅಂತಿದೆ ಅದರಲ್ಲಿ. ಪೂಜೆ ಬೋಧನೆ ಅಲ್ಲ ಅಂತ ನಾವೇ ಸಮಾಧಾನ ಮಾಡಿಕೊಳ್ತೀವಿ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಪ್ರಸಾದ ಬೇಡ ಅನ್ನಲ್ಲ, ತಿನ್ನಲ್ಲ, ಬಿಸಾಕಲ್ಲ. ಬೆಲ್ ಹೊಡೆಯುವವರೆಗೂ ಅಂಗೈಯಲ್ಲೇ ಇಟ್ಟುಕೊಂಡಿರುತ್ತಾಳೆ. ಎರಡು ವರ್ಷದಿಂದ ನೋಡ್ತಿದ್ದೇನೆ. ಕೇಳಲಿಲ್ಲ.

ಸೀನ: ಕೇಳು ವಾಣಿ.

ವಾಣಿ: ಹೂಂ.

ಅಡ್ಮಿನ್ ಸುಬ್ಬು: ಗುಂಪಿನಲ್ಲಿ ರಾಜಕೀಯ ಬೇಡ ಅಂತ ಎಷ್ಟು ಸಲ ಹೇಳಬೇಕು? ಡಿಸೆಂಬರ್ ಗೆಟ್‌ಟುಗೆದರ್‌ಗೆ ಇನ್ನೂ ಎಂಟು ಜನ ದುಡ್ಡು ಕಳಿಸಿಲ್ಲ.

ಗಿರಿ: ಕಳಿಸಿದ್ದೀನಪ್ಪ, ನೋಡಿಕೋ. ವಿಲ್ಲಿ, ಒಂದು ಡೌಟು. ನಾವು ಅಸೆಂಬ್ಲಿಯಲ್ಲಿ ಹೇಳುತ್ತಿದ್ದ ‘ಅವರ್ ಫಾದರ್’ ನಿಮ್ಮದಾ, ಪ್ರೊಟೆಸ್ಟಂಟರದ್ದಾ?

ವಿಲ್ಲಿ: ಕೊನೆಯಲ್ಲಿ ‘ಫಾರ್ ದೈನ್ ಈಸ್ ದ ಕಿಂಗ್‌ಡಂ’ ಅಂತ ಹೇಳುತ್ತಿದ್ದೆವಾ?

ಗಿರಿ: ಇಲ್ಲ. ‘ಡೆಲಿವರ್ ಅಸ್ ಫ್ರಂ ಈವಿಲ್, ಆಮೆನ್.’ ಅಷ್ಟೇ. ಆಮೇಲೆ ಸಾಲಾಗಿ ಕ್ಲಾಸಿಗೆ.

ವಿಲ್ಲಿ: ಹಾಗಾದರೆ ನಮ್ಮದೇ.