ಮೊದಲ ರೈಫಲ್ ತಗೊಳ್ಳುವ ಮುಂಚೆ ಏನು ನೋಡಬೇಕು?

ಹೊಸನಗರದ ತೋಟದವ:
ಎಲ್ಲರಿಗೂ ನಮಸ್ಕಾರ. ಹೊಸನಗರದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಅಜ್ಜನ ಹೆಸರಲ್ಲಿ ಕೇಪಿನ ಕೋವಿ ಇತ್ತು. ಅವರು ಹೋದ ಮೇಲೆ ಅದನ್ನು ಪೊಲೀಸರಿಗೆ ಒಪ್ಪಿಸಿದೆವು. ನಾನು ಇದುವರೆಗೆ ಕೋವಿ ಮುಟ್ಟಿದವನಲ್ಲ. ಈಗ ಒಂದು ಒಳ್ಳೆ ರೈಫಲ್ ತಗೊಂಡು ಗುರಿ ಹೊಡೆಯುವುದು ಕಲಿಯಬೇಕು ಅಂತ ಆಸೆ. ಒಂಬತ್ತನೇ ಕ್ಲಾಸಿನ ಮಗಳೂ ಹಿಂದೆ ಬಿದ್ದಿದ್ದಾಳೆ. ತೋಟಕ್ಕೆ ಮಂಗ ಬಂದರೆ ಅದಕ್ಕೂ ಆದೀತು. ಯೂಟ್ಯೂಬ್ ನೋಡಿದರೆ ಬರೀ ಪವರ್ ಬಗ್ಗೆಯೇ ಮಾತು. ಯಾವುದು ತಗೊಳ್ಳಲಿ? ಸ್ಕೋಪ್ ಬೇಕಾ?

ಗೊನೆಗಾರ:
ಏರ್‌ಗನ್ ಸಾಕು ಅಣ್ಣ. ನಮ್ಮೂರಲ್ಲಿ ಮನೆಗೊಂದು ಇದೆ. ಪವರ್ ಜಾಸ್ತಿ ಇರುವುದನ್ನೇ ನೋಡಿ ತಗೊಳ್ಳಿ, ಒಂದು ಪೆಟ್ಟು ಬಿದ್ದರೆ ಮಂಗ ಆ ಕಡೆ ತಲೆ ಹಾಕುವುದಿಲ್ಲ.

ಹಳೇ ಕೋವಿ, ತೀರ್ಥಹಳ್ಳಿ:
ಗೊನೆಗಾರರೇ, ಸುಮ್ನೆ ಪಾಪದವರನ್ನು ಕೇಸಿಗೆ ಸಿಕ್ಕಿಸಬೇಡಿ ಮಾರಾಯ್ರೆ. 1972ರ ವನ್ಯಜೀವಿ ಕಾಯ್ದೆಗೆ ಕೋವಿಯೂ ಒಂದೇ, ಏರ್‌ಗನ್ನೂ ಒಂದೇ. ಅದೂ ಅಲ್ಲದೆ ಆ ಸಣ್ಣ ಸೀಸದ ಗುಂಡಿಗೆ ಮಂಗ ಸಾಯುವುದಿಲ್ಲ. ಗುಂಡು ಮೈಯೊಳಗೆ ಉಳಿದು, ಗಾಯ ಕೊಳೆತು, ಪ್ರಾಣಿ ನರಳುತ್ತದೆ. ಮಂಗಕ್ಕೆ ನಾಯಿ ಸಾಕಿ, ಗರ್ನಾಲು ಪಟಾಕಿ ಹೊಡೆಯಿರಿ. ರೈಫಲ್ ಆಸೆಗೂ ಅದಕ್ಕೂ ಗಂಟು ಹಾಕಬೇಡಿ.

ತೋಟದವರೇ, ನಿಮಗೆ ಬೇಕಿರುವುದು ಮದ್ದಿನ ರೈಫಲ್ ಅಲ್ಲ. .22 ಆಗಲಿ .315 ಆಗಲಿ, ಲೈಸೆನ್ಸ್ ಬೇಕು. 21 ವರ್ಷ ಆಗಿರಬೇಕು, ಡಿಸಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಓಡಾಟ. ಬೆಳೆ ರಕ್ಷಣೆಗೆ ಅಂತ ಕೇಳಿದರೆ ಕಾಯ್ದೆಯಲ್ಲಿ ಇರುವುದು ಮೂತಿಯಿಂದ ಮದ್ದು ತುಂಬುವ ಕೋವಿ, ಅದು ಸಾಲದಿದ್ದರೆ ನುಣುಪು ನಳಿಗೆಯ ಬೇರೆ ಬಂದೂಕು. ರೈಫಲ್ ನಳಿಗೆಯ ಒಳಗೆ ಸುರುಳಿ ಗೀರು ಇರುತ್ತದೆ, ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಕೊಡಗಿನವರಿಗೆ ಇಲ್ಲದ ಲೈಸೆನ್ಸ್ ನಮಗ್ಯಾಕೆ ಅಂತ ಕೆಲವರು ವಾದ ಮಾಡುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿಯವರಿಗೆ (ಅಲ್ಲಿನ ಹಳೇ ವಂಶಪಾರಂಪರ್ಯದ ಜಮೀನು ಇರುವವರಿಗೆ) ಮಾತ್ರ. ನಾವು ಎಲೆಕ್ಷನ್ ಬಂತು ಅಂದರೆ ಕೋವಿ ಹೊತ್ತು ಸ್ಟೇಷನ್ನಿಗೆ ಇಟ್ಟು ಬರುವ ಜಾತಿ.

ಏರ್ ರೈಫಲ್ ತಗೊಳ್ಳಿ. 4.5 ಎಂಎಂ ಬೋರ್ (ನಳಿಗೆಯ ಒಳ ಅಗಲ), 20 ಜೂಲ್ ಮೀರದ ಶಕ್ತಿ ಇದ್ದರೆ ಲೈಸೆನ್ಸ್ ಬೇಡ. ಅದಕ್ಕಿಂತ ದೊಡ್ಡ ಬೋರ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಕೈ ಹಾಕಬೇಡಿ. ಅಂಗಡಿಗೆ ಹೋಗಿ, ಗುರುತಿನ ಚೀಟಿ ಕೊಟ್ಟು, ಬಿಲ್ ಸಮೇತ ತನ್ನಿ.

ಪವರ್ ಹುಚ್ಚು ಬಿಡಿ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಜಾತಿಯ ರೈಫಲ್‌ಗೆ 8 ಜೂಲ್ ಆಸುಪಾಸು ಸಾಕು. ಗುರಿಯ ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್! ಸ್ಪ್ರಿಂಗ್ ಏರ್ ರೈಫಲ್ ಆದರೆ ಪ್ರತಿ ಸಲ ನಳಿಗೆ ಬಗ್ಗಿಸಿ ಒಳಗಿನ ಸ್ಪ್ರಿಂಗ್ ಒತ್ತಬೇಕು. ಸ್ಪ್ರಿಂಗ್ ಬಲವಾದಷ್ಟೂ ಬಗ್ಗಿಸುವುದು ಕಷ್ಟ, ಹೊಡೆದಾಗ ಒದೆತವೂ ಜಾಸ್ತಿ. ನಿಮ್ಮ ಮಗಳು ನಾಲ್ಕು ಗುಂಡಿಗೇ ಸಾಕಪ್ಪಾ ಅಂತಾಳೆ. ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಬಟ್ (ಹಿಡಿಯ ಹಿಂತುದಿ) ಭುಜಕ್ಕೆ ಕೂರಬೇಕು, ಕತ್ತು ಸೊಟ್ಟ ಮಾಡದೆ ಕೆನ್ನೆ ಇಟ್ಟರೆ ಗುರಿ ಕಣ್ಣಿಗೆ ನೇರ ಬರಬೇಕು. ಹಾಗೆ ಬರದಿದ್ದರೆ ಎಂಥ ಕಂಪನಿಯದಾದರೂ ಬೇಡ.

ಸ್ಕೋಪ್ ಈಗಲೇ ಬೇಡ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಆ ಜಗ್ಗಿಗೆ ತಡೆಯುವಂಥ ಸ್ಕೋಪೇ ಆಗಬೇಕು, ಕಡಿಮೆ ಬೆಲೆಯದು ಒಳಗೇ ಸಡಿಲವಾಗುತ್ತದೆ. ಮೊದಲು ಮಕ್ಕಿಯಲ್ಲಿ, ಅಂದರೆ ನಳಿಗೆ ಮೇಲೆ ಗುರಿ ನೋಡಲು ಇರುವ ಸಣ್ಣ ಮೊಳೆಯಲ್ಲಿ, ಕಲಿಯಿರಿ. ಆ ದುಡ್ಡಿಗೆ ನಾಲ್ಕು ಬಗೆ ಪೆಲೆಟ್ (ಏರ್ ರೈಫಲ್ಲಿನ ಗುಂಡು) ಡಬ್ಬಿ ತನ್ನಿ. ಒಂದೊಂದು ನಳಿಗೆಗೆ ಒಂದೊಂದು ಪೆಲೆಟ್ ಹಿಡಿಸುತ್ತದೆ, ಹೊಡೆದೇ ನೋಡಬೇಕು. ರೈಫಲನ್ನು ಬಿಗಿಯಾಗಿ ಅಮುಕಬೇಡಿ, ಕೋಳಿಮರಿ ಹಿಡಿದ ಹಾಗೆ ಹಿಡಿಯಿರಿ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಸ್ಪ್ರಿಂಗ್ ಮತ್ತು ಸೀಲ್ ಹಾಳಾಗುತ್ತದೆ. ಪೆಲೆಟ್ ತುಂಬುವಾಗ ಬಗ್ಗಿಸಿದ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದೇ ಇರಿ. ತಪ್ಪಿ ಬಿಟ್ಟುಕೊಂಡರೆ ಬೆರಳು ಹೋಗುತ್ತದೆ.

ಅಂಗಡಿಯವರು ಹೇಳದ ವಿಷಯ ನಮ್ಮ ಮಳೆ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಎಂಎಂ ದಾಟುತ್ತದಲ್ಲ, ಆಷಾಢದಲ್ಲಿ ಕಬ್ಬಿಣ ಕಣ್ಣೆದುರೇ ಕೆಂಪಾಗುತ್ತದೆ. ರೆಕ್ಸಿನ್ ಚೀಲದಲ್ಲಿ ಹಾಕಿ ಗೋಡೆಗೆ ಒರಗಿಸಿದರೆ ಮುಗಿಯಿತು, ಒಳಗೇ ಬೆವರುತ್ತದೆ. ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಹೊರಮೈಯೆಲ್ಲ ಒರೆಸಿ. ಬೆರಳಿನ ಬೆವರು ತಾಗಿದ ಜಾಗ ಬಿಡಬೇಡಿ. ಬೀಗ ಇರುವ ಬೀರುವಿನಲ್ಲಿ, ಸಿಲಿಕಾ ಪೊಟ್ಟಣದ ಜೊತೆ ನಿಲ್ಲಿಸಿ. ಆದರೆ ಗಾಳಿ ಒತ್ತುವ ಕೋಣೆಯೊಳಗೆ ಸಿಕ್ಕಿದ ಎಣ್ಣೆ ಬಿಟ್ಟುಗಿಟ್ಟೀರಿ. ಒತ್ತಡದ ಬಿಸಿಗೆ ಅದು ಹೊತ್ತಿ ಢಂ ಅನ್ನುತ್ತದೆ. ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತದೆ. ದೀಪಾವಳಿ ಹೊತ್ತಿಗೆ ಗುರಿ ತಪ್ಪುತ್ತಿದ್ದರೆ ಮೊದಲು ಸ್ಕ್ರೂ ಬಿಗಿ ಮಾಡಿ, ಆಮೇಲೆ ರೈಫಲ್ಲಿಗೆ ಬೈಯಿರಿ.

ಅಡಿಕೆ ಮರಕ್ಕೆ ಗುರಿ ಕಟ್ಟಬೇಡಿ. ಗುಂಡು ಜಾರಿ ಎತ್ತಲೋ ಹೋಗುತ್ತದೆ. ಪೆಟ್ಟಿಗೆ ತುಂಬ ಹಳೇ ಬಟ್ಟೆ ತುರುಕಿ, ಹಿಂದೆ ಎತ್ತರದ ಮಣ್ಣಿನ ಧರೆ ಇರುವ ಕಡೆ ಇಡಿ. ಕಣ್ಣಿಗೆ ಕನ್ನಡಕ ಹಾಕಿ. ಮುಗಿದ ಮೇಲೆ ಕೈ ತೊಳೆಯಿರಿ, ಪೆಲೆಟ್ ಸೀಸದ್ದು.

ಹೊಸನಗರದ ತೋಟದವ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಸಾರ್. ಮಂಗನ ಆಸೆ ಬಿಟ್ಟೆ. ಗೊತ್ತಿದ್ದವರೊಬ್ಬರು ಸ್ಪರ್ಧೆಗೆ ಬಳಸುತ್ತಿದ್ದ ಜರ್ಮನ್ ಪಿಸಿಪಿ ರೈಫಲ್ (ಸಿಲಿಂಡರಿಗೆ ಮೊದಲೇ ಗಾಳಿ ತುಂಬಿಡುವಂಥದ್ದು) ಮಾರುತ್ತಿದ್ದಾರೆ. ಹಳೆಯದು, ಆದರೆ ಒದೆತವೇ ಇಲ್ಲ ಅಂತಾರೆ. ತಗೊಳ್ಳಬಹುದಾ?

ಹತ್ತು ಮೀಟರ್:
ನಾನು ಕ್ಲಬ್ಬಿನಲ್ಲಿ ಹೊಡೆಯುತ್ತೇನೆ, ಹಾಗಾಗಿ ಒಂದು ಮಾತು. ಒದೆತ ಇಲ್ಲ ಅನ್ನುವುದು ನಿಜ, ಮಗಳಿಗೆ ಅದೇ ಸುಲಭ. ಆದರೆ ಆ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಅದರ ಮೇಲೆ ತಾರೀಖು ಕೆತ್ತಿರುತ್ತಾರೆ. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರಿಗೆ ಸಾಮಾನ್ಯವಾಗಿ 10 ವರ್ಷ ಆಯುಷ್ಯ, ಅವಧಿ ಮುಗಿದದ್ದನ್ನು ಬಳಸಲೇಬಾರದು. ಹೊಸ ಸಿಲಿಂಡರ್ ಬೆಲೆ ಕೇಳಿಕೊಂಡು ಆಮೇಲೆ ಚೌಕಾಸಿ ಮಾಡಿ. ಗಾಳಿ ತುಂಬಲು ಕೈಪಂಪು ಬೇಕು, ಅದೂ ಅಗ್ಗ ಅಲ್ಲ. ಕೊಳ್ಳುವ ಮುಂಚೆ ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಶಿಬಿರ ಯಾವಾಗ ಅಂತ ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ.

ಹಳೇ ಕೋವಿ, ತೀರ್ಥಹಳ್ಳಿ:
ಇವರು ಹೇಳಿದ್ದು ಸರಿ. ಮುಂಗಡ ಕೊಡಬೇಡಿ ಇನ್ನೂ. ಸಿಲಿಂಡರಿನ ತಾರೀಖು ಕಾಣುವ ಹಾಗೆ ಫೋಟೋ ಹಾಕಿ, ನೋಡುವ.